ನಾಲ್ಕನೇ ನುಡಿ

ಅಣ್ಣ ಓಸ್ಮುನ್‌ನ ಎಪ್ಪತ್ತೈದನೇ ಹುಟ್ಟುಹಬ್ಬದ ಊಟಕ್ಕೆ ಗುಡ್ವೈಗ್ ಹಾಡು ಕಟ್ಟಿದ್ದಳು. ಆ ಕಡಲದಂಡೆಯ ಊರಲ್ಲಿ ಅಂಥ ಊಟಕ್ಕೆ ಯಾರಾದರೂ ಹಾಡು ಬರೆಯಲೇಬೇಕು, ತಟ್ಟೆಗೊಂದು ಹಾಳೆ ಇಡಲೇಬೇಕು, ಬಂದವರೆಲ್ಲ ಗೊತ್ತಿರುವ ಧಾಟಿಯಲ್ಲಿ ಹಾಡಲೇಬೇಕು. ಕಂಠ ಇದ್ದವರು, ಇಲ್ಲದವರು ಎಂಬ ಭೇದವಿಲ್ಲ.

ಗುಡ್ವೈಗ್ ಬರೆದದ್ದೇ ಕೊನೆಯ, ನಾಲ್ಕನೇ ನುಡಿಗಾಗಿ. ಮೂರು ವರ್ಷದ ಹಿಂದೆ, ನಡುಬೇಸಿಗೆಯ ಬೆಂಕಿಹಬ್ಬದಲ್ಲಿ ಸುಡಲು ಹಳೇ ದೋಣಿ ಬೇಕೆಂದು ಊರವರು ಕೇಳಿದಾಗ, ಅಪ್ಪನ ಮೀನುದೋಣಿಯನ್ನು ಅಣ್ಣನಿಗೆ ಒಂದು ಮಾತೂ ಹೇಳದೆ ಕೊಟ್ಟುಬಿಟ್ಟಿದ್ದಳು. ಅಂದಿನಿಂದ ಅವನು ಮಾತು ಬಿಟ್ಟಿದ್ದ; ಈ ಊಟಕ್ಕೆ ಕರೆದದ್ದೂ ಅತ್ತಿಗೆಯೇ. ಎದುರು ನಿಂತು ತಪ್ಪಾಯಿತೆನ್ನಲು ಅವಳಿಗೆ ನಾಲಿಗೆ ಏಳದು. ಆ ಮಾತನ್ನು ನಲವತ್ತು ಜನ ಸೇರಿ ಹಾಡಿದರೆ ಆದೀತು ಎಂದುಕೊಂಡಿದ್ದಳು.

ಮೊದಲ ನುಡಿ ಹೇಗೋ ದಾಟಿತು. ಎರಡನೆಯದರಲ್ಲಿ ಫಿಸ್-ಕೆ-ಬೋ-ತೆನ್ ಎಂಬ ಪದ ಬಂತು, ಅವರ ಭಾಷೆಯಲ್ಲಿ ಆ ಮೀನುದೋಣಿಯೇ. ಕೂಡಿದ ಪದಕ್ಕೆ ಅವರ ಬಾಯಲ್ಲಿ ಮೊದಲ ತುಂಡಿನ ತಲೆಯ ಮೇಲೆ, ಇಲ್ಲಿ ‘ಫಿಸ್’ ಮೇಲೆ, ಭಾರ. ಆದರೆ ಧಾಟಿಯ ಪೆಟ್ಟು ಬಿದ್ದದ್ದು ‘ಕೆ’ ಮೇಲೆ, ‘ತೆನ್’ ಮೇಲೆ. ಅರ್ಧ ಜನ ಮಾತಿನ ಹಿಂದೆ ಹೋದರು, ಅರ್ಧ ಜನ ಧಾಟಿಯ ಹಿಂದೆ, ಹಾಡು ಮೂರಾಬಟ್ಟೆಯಾಯಿತು. ಗುಡ್ವೈಗ್ ಕಂಗಾಲಾದಳು. ಬೆರಳು ಮಡಚಿ ಎಣಿಸಿದ್ದಳಲ್ಲ? ಸಾಲಿನ ಅಕ್ಷರ ಎಂಟಕ್ಕೆ ಎಂಟು ಸರಿಯಿತ್ತಲ್ಲ?

“ಹಾಡು ಸಾಕು, ಕಾಫಿ ಆರ್ತಾ ಇದೆ,” ಎಂದಳು ಊಟ ನಡೆಸಿಕೊಡುತ್ತಿದ್ದ ಯೂರುನ್. ಜನ ನಗುತ್ತ ಕೆನೆ ಕೇಕಿನತ್ತ ಎದ್ದರು.

ಓಸ್ಮುನ್ ಏಳಲಿಲ್ಲ. ಗೆಣ್ಣಿನಿಂದ ಮೇಜು ಕುಟ್ಟುತ್ತ, ಹಾಳೆಯ ಮೇಲೆ ಕಣ್ಣಿಟ್ಟು ತುಟಿಯಾಡಿಸುತ್ತಿದ್ದ. ಕೊನೆಯ ನುಡಿಗೆ ಬಂದಾಗ ಕುಟ್ಟುವುದು ನಿಂತಿತು. ಅದು ಕೋಪವೋ ಮತ್ತೇನೋ ಗುಡ್ವೈಗ್‌ಗೆ ತಿಳಿಯಲಿಲ್ಲ. ಹೊರಟುಹೋಗಲೋ, ಅವನಿಗೆ ಕೇಕು ತರಲೋ ತೋಚದೆ ಕುರ್ಚಿಯ ಬೆನ್ನು ಹಿಡಿದು ನಿಂತಳು.

“ಬೆರಳಲ್ಲಿ ಎಣಿಸಿದ್ಯಾ?” ಎಂದ. ಮೂರು ವರ್ಷದ ಮೇಲೆ ಮೊದಲ ಮಾತು.

“ಹೂಂ ಅಣ್ಣ. ಲೆಕ್ಕ ಸರಿ ಇತ್ತು. ಏನಾಯ್ತೋ ಗೊತ್ತಾಗ್ಲಿಲ್ಲ.”

“ಒಂದ್ಸಲ ಹಾಡಿ ನೋಡೋದಲ್ವೇನೇ, ದಡ್ಡಿ.”

“ಹಾಡೋಕೆ ಹೋದ್ರೆ ಕೊನೇ ನುಡಿಗೆ ಗಂಟಲು ಕಟ್ಕೊಳ್ಳೋದು.”

ಓಸ್ಮುನ್ ಹಾಳೆಯನ್ನು ಕವುಚಿ ಇಟ್ಟ. ಪಕ್ಕದ ಕುರ್ಚಿ ಎಳೆದ.

“ಹಾಗಾದ್ರೆ ಹಾಡಬೇಡ. ಹೇಳು.”

ಗುಡ್ವೈಗ್ ಕೂತಳು. ನಲವತ್ತು ಜನರ ಹೆಗಲಿಗೆ ಹೊರಿಸಹೋಗಿದ್ದ ಮಾತು ಈಗ ಅವಳೊಬ್ಬಳದೇ ಆಗಿತ್ತು.

“ಕೇಳದೆ ಕೊಟ್ಟೆ, ಅಣ್ಣ,” ಎಂದಳು. “ತಪ್ಪಾಯ್ತು.”