ಚೀಟಿ ತಂದವಳು

"ಆಚೆ ನಿಲ್ಲೇ, ರೋಗದ ಮೂಟೆ. ಹೊಸಿಲು ದಾಟಿದ್ರೆ ಕಾಲು ಮುರೀತೀನಿ."

ಠಾಣೆಯ ಸಾಹೇಬ ಹೀಗೆ ಗದರಿದ್ದು ನನ್ನ ಅಕ್ಕನನ್ನು. ಅವಳ ಆಸ್ಪತ್ರೆ ಚೀಟಿಯನ್ನು ಪೆನ್ನಿನ ತುದಿಯಲ್ಲಿ ಮಗುಚಿ ನೋಡಿದ. ಕಾಗದದಿಂದ ಎಚ್‌ಐವಿ ಹಾರಿ ಬಂದು ಮೂಗಿಗೆ ಕಚ್ಚುತ್ತದೆಯೇನೋ. ಓದಿದ ಮಹಾಶಯ! ಒಳಗೆ ಕುರ್ಚಿಯಲ್ಲಿ ನಮ್ಮ ಲಾಡ್ಜಿನ ಮಾಲೀಕ ಕಾಲ ಮೇಲೆ ಕಾಲು ಹಾಕಿ ಟೀ ಕುಡಿಯುತ್ತಿದ್ದ. ಅವನಿಗೂ ಅದೇ ರೋಗ. ಗೊತ್ತಿದ್ದೂ ಮುಚ್ಚಿಟ್ಟು ತನಗೆ ಅಂಟಿಸಿದಳು ಎಂದು ದೂರು ಕೊಟ್ಟವನೂ ಅವನೇ.

ನಾವು ಏಳು ಹೆಂಗಸರು ಆ ಲಾಡ್ಜಿನ ಚಾದರ ಒಗೆಯುವವರು. ಊರಿನ ದೊಡ್ಡ ಮನುಷ್ಯರ ಯೋಗ್ಯತೆ ನಮಗೆ ಗೊತ್ತಿರುವಷ್ಟು ಅವರ ಹೆಂಡಿರಿಗೂ ಗೊತ್ತಿಲ್ಲ. ಮಾಲೀಕ ಕೂಗಿದವಳು ಮೇಲಿನ ಕೋಣೆಗೆ ಹೋಗಬೇಕು, ಇಲ್ಲದಿದ್ದರೆ ನಾಳೆಯಿಂದ ಕೆಲಸವಿಲ್ಲ. ಇಳಿದು ಬಂದು ಆ ಚಾದರವನ್ನೂ ತಾನೇ ಒಗೆಯಬೇಕು. ಭಾವ ಬಿಟ್ಟುಹೋಗಿ ಆರು ವರ್ಷವಾದ ಮೇಲೆ ಅಕ್ಕ ಬಸುರಾದಳು. ನರ್ಸಮ್ಮನ ಮಾತು ಕೇಳಿ ಪರೀಕ್ಷೆಗೆ ರಕ್ತ ಕೊಟ್ಟಳು. ಏಳು ಜನರಲ್ಲಿ ಚೀಟಿ ತಂದವಳು ಅವಳೊಬ್ಬಳೇ. ಅವಳು ಮಾಡಿದ ತಪ್ಪು ಅಷ್ಟೇ. ತಪ್ಪದೆ ಮಾತ್ರೆ ನುಂಗಿದಳು, ಕೂಸು ರೋಗವಿಲ್ಲದೆ ಹುಟ್ಟಿತು.

ಅಕ್ಕ ಹೊಸಿಲಾಚೆಯಿಂದಲೇ ಹೇಳಿದಳು: "ಅವ್ನೇ ಕೊಟ್ಟಿದ್ದು ಸಾಹೇಬ್ರೇ. ಚೀಟಿ ಬಂದ ದಿನಾನೇ ನೀವೂ ತೋರಿಸ್ಕೊಳ್ಳಿ ಅಂದೆ. ನಕ್ಕುಬಿಟ್ಟು ಮತ್ತೆ ಮೇಲಕ್ಕೆ ಕರೆದ, ಸೂಳೆಮಗ."

"ಅವರ ಚೀಟಿ ಈ ತಿಂಗಳದ್ದು, ನಿಂದು ಹೋದ ವರ್ಷದ್ದು," ಎಂದ ಸಾಹೇಬ. "ಗೊತ್ತಿದ್ದವಳು ನೀನು. ಕಾನೂನಿಗೆ ಅಷ್ಟು ಸಾಕು."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಕೂಸನ್ನು ನನ್ನ ಕಂಕುಳಿಗೆ ಕೊಟ್ಟು ಅಕ್ಕ ಜೈಲಿಗೆ ಹೋದಳು. ಮಾಲೀಕ ಲಾಡ್ಜಿಗೆ ಬಂದವನೇ ಅವಳ ಜಾಗಕ್ಕೆ ಯಾರಾದರೂ ಕ್ಲೀನಾದವಳನ್ನು ಹುಡುಕಿ ಎಂದ. ಅವನ ಬಾಯಿಗೆ ಮಣ್ಣು ಬೀಳ.

ಮುಂದಿನ ವಾರ ನರ್ಸಮ್ಮ ಸೂಜಿಯ ಪೆಟ್ಟಿಗೆ ಹಿಡಿದು ನಾವು ಒಗೆಯುವ ಅಂಗಳಕ್ಕೇ ಬಂದಳು. ನನಗೀಗ ಐದು ತಿಂಗಳು. ಮೇಲಿನ ಕೋಣೆಗೆ ನಾನೂ ಹೋದವಳೇ. ಪಾಪ, ಒಳ್ಳೆಯ ಹೆಂಗಸು, ತೋಳು ಚಾಚು ಎಂದು ಅಂಗಲಾಚಿದಳು.

"ಮಗೂನ ಉಳಿಸ್ಕೋಬಹುದು ಕಣೇ. ನಿಮ್ಮಕ್ಕಂದು ಉಳೀಲಿಲ್ವಾ?"

"ಮಗು ಉಳೀತಮ್ಮ. ಅಕ್ಕ ಉಳೀಲಿಲ್ಲ."

ಹೊಟ್ಟೆಯನ್ನೊಮ್ಮೆ ಸವರಿಕೊಂಡೆ. ಆದರೂ ಎರಡೂ ತೋಳನ್ನು ಸೋಪಿನ ನೀರಿಗೆ ಮೊಣಕೈವರೆಗೆ ಇಳಿಸಿದೆ. ಉಳಿದ ಐವರೂ ಇಳಿಸಿದರು.