ಅಳಿಯ ಬಂದ ಸಂಜೆ

ಅಚ್ಚುಕೂಟದಲ್ಲಿ ಮೂವತ್ತೆರಡು ವರ್ಷದಿಂದ ಕರಡು ತಿದ್ದುತ್ತಿದ್ದವಳು ಗುಬ್ಬಿ. ಅವಳ ನಿಜವಾದ ಹೆಸರು ಬೇರೆಯೇ ಇದೆ, ಆದರೆ ಅದಕ್ಕೆ ಸಂಬಳದ ಪಟ್ಟಿಯಲ್ಲಿ ಮಾತ್ರ ಕೆಲಸ. ಚಿಕ್ಕವಳಿದ್ದಾಗ ಅಕ್ಕ ಇಟ್ಟ ಗುಬ್ಬಿ ಎಂಬ ಹೆಸರೇ ಐವತ್ತಾರು ತುಂಬಿದರೂ ಬಿಡದೆ ಅಂಟಿಕೊಂಡಿತ್ತು. ಇವಳ ಕಣ್ಣಿಂದ ಒಂದು ಅಲ್ಪವಿರಾಮವೂ ತಪ್ಪಿಸಿಕೊಂಡು ಹೋಗುವುದಿಲ್ಲ ಎಂದು ಮಾಲೀಕರು ಬಂದವರ ಮುಂದೆಲ್ಲ ಹೊಗಳುತ್ತಿದ್ದರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಗುಬ್ಬಿಗೆ ಒಳಗೆಲ್ಲೋ ಚುರುಕ್ಕೆನ್ನುತ್ತಿತ್ತು. ಅವಳು ಜೀವಮಾನದಲ್ಲಿ ತಿದ್ದಿದ ಮೊದಲನೆಯ ಅಂಕಿಯಲ್ಲಿ ತಪ್ಪೇ ಇರಲಿಲ್ಲ. ತಿದ್ದಿದ್ದೇ ತಪ್ಪಾಗಿತ್ತು.

ಒಂದು ಸೋಮವಾರ ಬೆಳಿಗ್ಗೆ ಆಕೆಯ ಮೇಜಿನ ಮುಂದೆ ಒಬ್ಬ ಹುಡುಗಿ ಬಂದು ನಿಂತಳು. ಕಾಲೇಜಿನಲ್ಲಿ ಪಾಠ ಹೇಳುವವಳಂತೆ, ನಕ್ಷತ್ರ ನೋಡುವವರ ಸಂಘದ ಈಗಿನ ಕಾರ್ಯದರ್ಶಿಯಂತೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ, ಸಂಘ ಎಂಬ ಮಾತು ಕೇಳಿದ್ದೇ ಗುಬ್ಬಿ ಪೆನ್ಸಿಲ್ ಕೆಳಗಿಟ್ಟಳು. ನಲವತ್ತೊಂದು ವರ್ಷದ ಹಿಂದೆ ನಿಮ್ಮ ಅಕ್ಕ ನೋಡಿದ ನಕ್ಷತ್ರಗಳ ಪುಸ್ತಕ ನಿಮ್ಮ ಹತ್ತಿರ ಇದೆಯಾ ಎಂದು ಹುಡುಗಿ ಕೇಳಿದಳು. ಇತ್ತು. ಗುಬ್ಬಿಯ ಬೀರುವಿನ ಕೆಳಗಿನ ಅರೆಯಲ್ಲಿ, ಹಳೆಯ ಸೀರೆಯೊಂದರಲ್ಲಿ ಸುತ್ತಿಕೊಂಡು ಅಷ್ಟು ವರ್ಷವೂ ಅಲ್ಲೇ ಇತ್ತು.

ಆ ಪುಸ್ತಕದ ಕಥೆ ಶುರುವಾದದ್ದು ಒಂದು ತಗಡಿನ ಕೊಳವೆಯಿಂದ. ಅಪ್ಪನದು ತಗಡಿನ ಕೆಲಸ. ಮನೆಯ ಮುಂಗೋಣೆಯಲ್ಲೇ ಅಂಗಡಿ, ಬಕೆಟ್ಟು, ಡಬ್ಬ, ಹೊಗೆಕೊಳವೆ ಎಲ್ಲ ಅಲ್ಲೇ ಆಗುತ್ತಿತ್ತು. ಒಬ್ಬ ಮೇಷ್ಟರು ಆಳುದ್ದದ ಒಂದು ಕೊಳವೆ ಮಾಡಿಕೊಡಿ ಎಂದು ಹೇಳಿ, ಅದರ ತಳದಲ್ಲಿ ಕೂರಿಸಲು ತಟ್ಟೆಯಷ್ಟಗಲದ ಕನ್ನಡಿಯನ್ನೂ ಕೊಟ್ಟು ಹೋದರು. ಆಮೇಲೆ ವರ್ಗವಾಯಿತೋ ಮರೆತರೋ, ಬರಲೇ ಇಲ್ಲ. ಹೊಗೆಕೊಳವೆಗಾದರೂ ಮಾರೋಣ ಅಂದರೆ ಒಳಗೆ ಕನ್ನಡಿ, ಕನ್ನಡಿಯೆಂದು ಮಾರೋಣ ಅಂದರೆ ಮುಖ ತಲೆಕೆಳಗು ಎಂದು ಅಪ್ಪ ಗೊಣಗಿ ಅದನ್ನು ತಾರಸಿಗೆ ಸಾಗಹಾಕಿದ. ಮೇಷ್ಟರು ಬಿಟ್ಟುಹೋದ ಚೀಟಿ ಓದಿಕೊಂಡು ಅದಕ್ಕೆ ಕಣ್ಣಿಡುವ ಗಾಜು ಹೊಂದಿಸಿದವಳು ಅಕ್ಕ.

ಅಕ್ಕನಿಗೆ ಆಗ ಇಪ್ಪತ್ತನಾಲ್ಕು, ಗುಬ್ಬಿಗೆ ಹದಿನೈದು. ಅಕ್ಕ ಹೊಲಿಗೆ ಕೆಲಸದವಳು. ಮುಸ್ಸಂಜೆಯಲ್ಲಿ ದೀಪ ಹಾಕದೆ ಸೂಜಿಗೆ ದಾರ ಪೋಣಿಸುತ್ತಿದ್ದಳು. ಕಪ್ಪಿಗೂ ಕಡುನೀಲಿಗೂ ವ್ಯತ್ಯಾಸ ಬೇಕಾದರೆ ಇಡೀ ಬೀದಿ ಅವಳ ಹತ್ತಿರ ಬಟ್ಟೆ ಹಿಡಿದುಕೊಂಡು ಬರುತ್ತಿತ್ತು. ಅಂಥ ಕಣ್ಣು ಸಂಘಕ್ಕೆ ಬೇಕಾಗಿತ್ತು. ಬೆಳಕು ಏರಿಳಿಯುವ ನಕ್ಷತ್ರಗಳನ್ನು ದಿನಾ ನೋಡಿ ಬರೆದು ಕಳಿಸುವವರಿಗೆ ಸಂಘದವರು ನಕ್ಷೆ ಕೊಡುತ್ತಿದ್ದರು. ಬದಲಾಗದ ನೆರೆಯ ನಕ್ಷತ್ರಗಳ ಪಕ್ಕದಲ್ಲಿ ಅವುಗಳ ಬೆಳಕಿನ ಅಂಕಿ ಬರೆದಿರುತ್ತಿತ್ತು. ಅವುಗಳಿಗೆ ಹೋಲಿಸಿ ನಮ್ಮ ನಕ್ಷತ್ರದ ಬೆಳಕೆಷ್ಟು ಎಂದು ಹೇಳಬೇಕು. ಅಂಕಿಯೋ ಶಾಲೆಯ ರ‍್ಯಾಂಕಿನ ಹಾಗೆ, ಚಿಕ್ಕದಾದಷ್ಟೂ ಹೊಳಪು ಜಾಸ್ತಿ.

ನಕ್ಷೆಯಲ್ಲಿದ್ದ ಹೆಸರುಗಳು ನಾಲಗೆಗೆ ಹೊರಳದ ಕಾರಣ ಅಕ್ಕತಂಗಿಯರು ತಮ್ಮದೇ ಹೆಸರಿಟ್ಟುಕೊಂಡರು. ಎಂದೂ ಬದಲಾಗದ ಮೂರಕ್ಕೆ ಸ್ಥಿರಬುದ್ಧಿಯ ಮೂವರು ಬಂಧುಗಳ ಹೆಸರು: ಬೆಳಕಿನ ಅಂಕಿ ಎಂಟರದು ಅಜ್ಜಿ, ಒಂಬತ್ತರದು ಸೋದರತ್ತೆ, ಹತ್ತರದು ದೊಡ್ಡಪ್ಪ. ಅವರ ನಡುವೆ ಇದ್ದದ್ದೇ ಇವರು ಕಾಯುತ್ತಿದ್ದ ನಕ್ಷತ್ರ. ತಾತನ ಕಾಲದಲ್ಲಿ ಒಮ್ಮೆ ಧಗ್ಗೆಂದು ಹೊತ್ತಿಕೊಂಡು ಊರಿಗೆಲ್ಲ ಕಂಡು, ಆಮೇಲೆ ಮುಸುಕು ಹಾಕಿಕೊಂಡು ಮಲಗಿಬಿಟ್ಟಿತ್ತು. ಮತ್ತೆ ಯಾವಾಗ ಏಳುತ್ತದೋ ಯಾರಿಗೂ ತಿಳಿಯದು. ಅಪರೂಪಕ್ಕೆ ಬರುವವನು, ಬಂದಾಗ ಮನೆಯೆಲ್ಲ ಸಂಭ್ರಮ ಮಾಡಿಸುವವನು ಇನ್ಯಾರು? ಅದಕ್ಕೆ ಅಳಿಯ ಎಂದು ಹೆಸರಾಯಿತು. ಅಳಿಯ ಇವತ್ತೂ ಬರಲಿಲ್ಲವಾ ಎಂದು ಅಮ್ಮ ಅಡುಗೆಮನೆಯಿಂದ ಕೂಗುವುದು, ಇಲ್ಲಮ್ಮ ಮಲಗಿದ್ದಾನೆ ಎಂದು ಇವರು ತಾರಸಿಯಿಂದ ಕೂಗುವುದು ದಿನಾ ನಡೆಯುತ್ತಿತ್ತು. ಪಕ್ಕದ ಮನೆಯಾಕೆ ಅಕ್ಕನಿಗೆ ಗುಟ್ಟಾಗಿ ಮದುವೆಯಾಗಿದೆ ಎಂದೇ ಬಹಳ ದಿನ ನಂಬಿದ್ದಳು.

ಅಕ್ಕ ನೋಡಿ ಹೇಳುವುದು, ಗುಬ್ಬಿ ಬೆನ್ನು ತಿರುಗಿಸಿ ಕೂತು ಬರೆಯುವುದು. ಪುಸ್ತಕ ಅಕ್ಕನ ಕಣ್ಣಿಗೆ ಬೀಳಕೂಡದು. ನಿನ್ನೆಯ ಅಂಕಿ ಗೊತ್ತಿದ್ದರೆ ಇವತ್ತಿನ ಕಣ್ಣು ಅದರ ಹಿಂದೆಯೇ ಹೋಗುತ್ತದೆ ಎಂದು ಸಂಘದ ನಿಯಮ. ತಿಂಗಳ ಕೊನೆಗೆ ನಕಲು ಮಾಡಿ ಸಂಘಕ್ಕೆ ಕಳಿಸುವುದೂ ಗುಬ್ಬಿಯ ಕೆಲಸ. ತಪ್ಪಾದರೆ ಅಳಿಸಬಾರದು, ಒಂದೇ ಗೆರೆ ಎಳೆದು, ಕೆಳಗಿನದು ಕಾಣುವ ಹಾಗೆ ಬಿಟ್ಟು, ಪಕ್ಕದಲ್ಲಿ ಬರೆಯಬೇಕು. ಕಾಣದಿದ್ದರೆ ಕಾಣಲಿಲ್ಲ ಎಂದೂ ಬರೆಯಬೇಕು. ಕಂಡದ್ದನ್ನ ಬರಿ, ಅನ್ನಿಸಿದ್ದನ್ನಲ್ಲ ಎಂದು ಅಕ್ಕ ಸೂಜಿ ಚುಚ್ಚಿದ ಹಾಗೆ ದಿನಕ್ಕೊಂದು ಸಲ ಹೇಳುತ್ತಿದ್ದಳು.

ಎಷ್ಟು ಚೆನ್ನಾಗಿದ್ದವು ಆ ಸಂಜೆಗಳು. ಬಿಸಿಲಿಗೆ ಕಾದ ತಾರಸಿ ಕಾಲಿಗೆ ಬೆಚ್ಚಗೆ ತಗಲುತ್ತಿತ್ತು, ಕೆಳಗೆ ಅಪ್ಪ ಕೊನೆಯ ಮೊಳೆ ಬಡಿಯುತ್ತಿದ್ದ ಸದ್ದು, ಕೆಂಪು ಕಾಗದ ಸುತ್ತಿದ ಟಾರ್ಚಿನ ಬೆಳಕಿನಲ್ಲಿ ಪುಸ್ತಕದ ಹಾಳೆ. ಅಕ್ಕ ಕೊಳವೆಗೆ ಕಣ್ಣಿಟ್ಟರೆ ಉಸಿರನ್ನೂ ಲೆಕ್ಕ ಹಾಕಿ ಬಿಡುತ್ತಿದ್ದಳು. ಆ ಹೊತ್ತಿನಲ್ಲಿ ಅವಳ ಮುಖ ನೋಡುವುದಕ್ಕೆ ಗುಬ್ಬಿಗೆ ತುಂಬ ಇಷ್ಟ. ಅಂಥ ಮುಖ ಆಮೇಲೆ ಅಕ್ಕನಿಗೆ ಬರಲಿಲ್ಲ.

ಒಂದು ತಿಂಗಳು ಅಕ್ಕ ಎಡವಿದಳು. ಅರೆಮೋಡದ ಸಂಜೆಯಲ್ಲಿ ಸೋದರತ್ತೆಯನ್ನೇ ಅಳಿಯ ಅಂದುಕೊಂಡು, ಅಳಿಯ ಎದ್ದ ಎಂದು ಬರೆಸಿ ಕಳಿಸಿದಳು. ಅವತ್ತಿನ ಕಾರ್ಯದರ್ಶಿ ನಿವೃತ್ತ ಹೆಡ್‌ಮಾಸ್ಟರು. ತುಂಬಿದ ಸಭೆಯಲ್ಲಿ ಅದನ್ನು ಓದಿ, ರವಿಕೆಯ ಅಳತೆ ಬೇರೆ ನಕ್ಷತ್ರದ ಅಳತೆ ಬೇರೆ ಎಂದರು. ಸಭೆ ಗೊಳ್ಳೆಂದಿತು. ಅಕ್ಕ ಎರಡು ದಿನ ಊಟ ಬಿಟ್ಟಳು, ಮೂರು ವಾರ ಕೊಳವೆಯ ಮುಸುಕು ತೆಗೆಯಲಿಲ್ಲ. ಯಾರದೋ ಬಾಯಿಚಪಲಕ್ಕೆ ಅಕ್ಕ ಹಾಗೆ ಸೊರಗಿದ್ದು ಕಂಡು ಗುಬ್ಬಿಯ ಹೊಟ್ಟೆ ಉರಿದುಹೋಯಿತು.

ಮತ್ತೆ ತಾರಸಿಗೆ ಹತ್ತಿದ ನಾಲ್ಕನೆಯ ಸಂಜೆ ಅಕ್ಕ ಬಹಳ ಹೊತ್ತು ನೋಡಿದಳು. ಆಮೇಲೆ, ದಿನದ ದನಿಯಲ್ಲೇ, "ಎಂಟು ಪಾಯಿಂಟ್ ನಾಲ್ಕು" ಎಂದಳು.

ಅಂದರೆ ಅಳಿಯ ಸೋದರತ್ತೆಯನ್ನೂ ದಾಟಿ ಅಜ್ಜಿಯ ಹತ್ತಿರ ಬಂದಿದ್ದಾನೆ. ಹಿಂದಿನ ಸಂಜೆ ಒಂಬತ್ತು ಪಾಯಿಂಟ್ ಎಂಟು ಇದ್ದದ್ದು ಗುಬ್ಬಿಗೆ ಗೊತ್ತು, ಅಕ್ಕನಿಗೆ ನೆಗಡಿ ಬಂದು ಕಣ್ಣು ಸೋರುತ್ತಿದ್ದದ್ದೂ ಗೊತ್ತು. ಇವಳು ಮತ್ತೆ ಎಡವಿದಳು, ಮತ್ತೆ ನಗುತ್ತಾರೆ ಎಂದು ಎದೆ ಧಸಕ್ಕೆಂದಿತು. ಎಂಟು ಪಾಯಿಂಟ್ ನಾಲ್ಕು ಎಂದು ಕೈ ತಾನಾಗಿ ಬರೆದಿತ್ತು. ಅದನ್ನು ರಬ್ಬರಿನಿಂದ ಉಜ್ಜಿ, ಒಂಬತ್ತು ಪಾಯಿಂಟ್ ಎಂಟು ಎಂದು ಬರೆದಳು. ತಾನು ನೋಡಲೂ ಇಲ್ಲ. ಅಕ್ಕನನ್ನು ಕಾಪಾಡಿದೆ ಎಂಬ ಖುಷಿಯಲ್ಲಿ ಅವತ್ತು ಚೆನ್ನಾಗಿ ನಿದ್ದೆ ಮಾಡಿದಳು.

ಆಮೇಲೆ ಮೂರು ಸಂಜೆ ಮೋಡ. ನಾಲ್ಕನೆಯ ದಿನ ಅಳಿಯ ಮತ್ತೆ ಮುಸುಕು ಹಾಕಿಕೊಂಡಿದ್ದ. ಮುಂದಿನ ತಿಂಗಳು ಸಂಘದ ಪತ್ರ ಬಂತು: ಆ ನಕ್ಷತ್ರ ಹಿಂದಿನ ತಿಂಗಳಿಡೀ ನಿಶ್ಚಲ. ಅಕ್ಕ ಅದನ್ನು ಎರಡು ಸಲ ಓದಿದಳು. ತಾನು ಹೇಳಿದ ಅಂಕಿಯನ್ನು ಸಂಘದವರು ಕಸದಬುಟ್ಟಿಗೆ ಹಾಕಿದರು ಎಂದುಕೊಂಡಳು. ಹಾಕಿದ್ದು ಸರಿ ಎಂದೂ ಅಂದುಕೊಂಡಳು. "ನನ್ನ ಕಣ್ಣು ಸುಳ್ಳು ಹೇಳ್ತಿದೆ ಕಣೇ ಗುಬ್ಬಿ" ಎಂದಳು. ಆಗಲಾದರೂ ಹೇಳಬಹುದಿತ್ತು. ಗುಬ್ಬಿಯ ಬಾಯಲ್ಲಿ ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಎರಡು ತಿಂಗಳಲ್ಲಿ ಕೊಳವೆ ಮಂಚದ ಕೆಳಗೆ ಸೇರಿತು. ಹೊಲಿಗೆಗೇ ಕಣ್ಣು ಸಾಲುತ್ತಿಲ್ಲ ಎಂದು ಅಕ್ಕ ಕೇಳಿದವರಿಗೆಲ್ಲ ಹೇಳಿದಳು. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ಗುಬ್ಬಿ ಮುಂದೂಡುತ್ತಾ ಹೋದಳು. ಮುಂದೂಡಿದ್ದು ನಲವತ್ತೊಂದು ವರ್ಷವಾಯಿತು.

ಈಗ ಈ ಹುಡುಗಿ ಹೇಳಿದ್ದು ಇದು. ದೂರದ ಒಂದು ವೀಕ್ಷಣಾಲಯದ ಉಗ್ರಾಣದಲ್ಲಿ ಹಳೆಯ ಗಾಜಿನ ಫೋಟೋಗಳು ಸಿಕ್ಕಿವೆ. ಒಂದರಲ್ಲಿ ಆ ನಕ್ಷತ್ರ ಎದ್ದು ಕಾಣುತ್ತದೆ, ಮೇಲಿರುವ ತಾರೀಖು ಅದೇ ಸಂಜೆಯದು. ಅವತ್ತು ಉಳಿದ ಸದಸ್ಯರಿಗೆಲ್ಲ ಮೋಡ, ನೋಡಿ ಬರೆದವರು ಅಕ್ಕ ಒಬ್ಬರೇ. ಅವರ ಅಂಕಿ ಒಂಬತ್ತು ಪಾಯಿಂಟ್ ಎಂಟು.

"ನಿಮ್ಮ ಅಕ್ಕನವರ ಬೇರೆ ಅಂಕಿಗಳನ್ನೆಲ್ಲ ತಾಳೆ ನೋಡಿದ್ವಿ ಮೇಡಂ. ಹಿಂದೆ ಒಂದ್ಸಲ ತಪ್ಪಿದ್ದು ಬಿಟ್ರೆ ಒಂದು ಕೂದಲು ಆಚೀಚೆ ಇಲ್ಲ. ಅಷ್ಟು ನಂಬಿಕಸ್ತ ಕಣ್ಣು" ಎಂದಳು ಹುಡುಗಿ. "ಅದಕ್ಕೇ ಫೋಟೋದ ತಾರೀಖೇ ತಪ್ಪು ಅಂತ ಬರೆದುಬಿಡೋಣ ಅಂತಿದ್ದೀವಿ. ಮೂಲ ಪುಸ್ತಕ ಒಂದ್ಸಲ ನೋಡಿಬಿಟ್ರೆ ಮುಗೀತು."

ಪುಸ್ತಕ ಕೊಟ್ಟು ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲವೂ ಮುಗಿದುಹೋಗುತ್ತಿತ್ತು. ಅಕ್ಕನ ಕಣ್ಣು ನಂಬಿಕಸ್ತ ಎಂದು ಸಂಘವೇ ಹೇಳುತ್ತಿದೆ, ಮತ್ತೇನು ಬೇಕು? ಆದರೆ ಅಕ್ಕ ಕಂಡದ್ದು ನಿಜ ಎಂದು ಹೇಳಲು ಜಗತ್ತಿನಲ್ಲಿ ಉಳಿದಿದ್ದದ್ದು ಆ ಒಂದು ಗಾಜಿನ ತುಂಡು. ಅದನ್ನೂ ಅಕ್ಕನ ಹೆಸರಿನಲ್ಲೇ ಒಡೆಯಲು ಹೊರಟಿದ್ದರು. ಗುಬ್ಬಿ ನೀರು ಕುಡಿದಳು. ಆ ಅಂಕಿ ಅಕ್ಕ ಹೇಳಿದ್ದಲ್ಲ, ನಾನು ತಿದ್ದಿದ್ದು ಎಂದಳು. 

ಹುಡುಗಿ ಒಳ್ಳೆಯವಳು, ಬೈಯಲಿಲ್ಲ. ನಲವತ್ತೊಂದು ವರ್ಷದ ನೆನಪನ್ನು ಅಂಕಿಯೆಂದು ದಾಖಲಿಸಲು ಆಗುವುದಿಲ್ಲ, ಆದರೆ ಒಂಬತ್ತು ಪಾಯಿಂಟ್ ಎಂಟನ್ನು ತೆಗೆದುಹಾಕುತ್ತೇವೆ, ಫೋಟೋ ಉಳಿಯುತ್ತದೆ ಎಂದಳು. ತಿದ್ದಿದವರು ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು, ನೋಡಿದವರಿಗೂ ತಿಳಿಸಬೇಕು ಎಂದಳು. ಆ ಕೊನೆಯ ಮಾತೇ ಕಷ್ಟದ್ದು.

ಅಕ್ಕ ಅದೇ ಮನೆಯ ಮುಂಗೋಣೆಯಲ್ಲಿ, ಅಪ್ಪ ತಗಡು ಬಡಿಯುತ್ತಿದ್ದ ಜಾಗದಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡಿದ್ದಳು. ಅರವತ್ತೈದಾಯಿತು. ಪೊರೆ ಬಂದು ಈಗ ಕಣ್ಣು ನಿಜವಾಗಿಯೂ ಮಂಜಾಗಿತ್ತು, ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಸೂಜಿಗೆ ದಾರ ಪೋಣಿಸಲು ಬೀದಿಯಲ್ಲಿ ಹೋಗುವವರನ್ನು ಕರೆಯುತ್ತಿದ್ದಳು. ಗುಬ್ಬಿ ಅಡ್ಡಗೋಡೆಯ ಮೇಲೆ ದೀಪ ಇಡಲಿಲ್ಲ, ನಿಂತುಕೊಂಡೇ ಎಲ್ಲವನ್ನೂ ನೇರವಾಗಿ ಹೇಳಿದಳು. ಯಂತ್ರ ನಿಂತಿತು.

"ಎಷ್ಟು ಹೇಳಿದ್ದೆ ನಾನು?" ಎಂದಳು ಅಕ್ಕ.

"ಎಂಟು ಪಾಯಿಂಟ್ ನಾಲ್ಕು."

ಅಕ್ಕ ಮಡಿಲಲ್ಲಿದ್ದ ಬಟ್ಟೆಯ ಅಂಚನ್ನು ಬೆರಳಲ್ಲಿ ಸವರುತ್ತಾ ಕೂತಳು. "ಹಾಗಾದ್ರೆ ನನ್ನ ಕಣ್ಣು ಸರಿಯಾಗೇ ಇತ್ತು."

"ಇತ್ತು ಅಕ್ಕ."

"ಅವರು ನಕ್ಕಿದ್ದನ್ನ ನಾನು ಯಾವತ್ತೋ ಮರೆತುಬಿಟ್ಟೆ ಗುಬ್ಬಿ. ನೀನು ಕನಿಕರ ಪಟ್ಟೆ ನೋಡು, ಅದು ನಲವತ್ತೊಂದು ವರ್ಷ ತಿಂತು." ಇಷ್ಟು ಹೇಳಿ ಅಕ್ಕ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಐದು ದಿನ ಮಾತಿಲ್ಲ. ಗುಬ್ಬಿ ಅಚ್ಚುಕೂಟದಲ್ಲಿ ಒಂದೇ ಪುಟದಲ್ಲಿ ಮೂರು ತಪ್ಪು ಬಿಟ್ಟಳು, ಮಾಲೀಕರು ಡಾಕ್ಟರ ಹತ್ತಿರ ಹೋಗಿ ಎಂದರು. ಮಾಡಿದ್ದುಣ್ಣೋ ಮಹಾರಾಯ ಎನ್ನುವುದನ್ನು ಅವಳು ಎಷ್ಟು ಪುಸ್ತಕಗಳಲ್ಲಿ ತಿದ್ದಿದ್ದಳೋ, ಈಗ ಉಣ್ಣುವ ಸರದಿ ಅವಳದು. ಆರನೆಯ ದಿನ ಸಂಜೆ ಅಕ್ಕನ ಫೋನು ಬಂತು. ಪುಸ್ತಕ ತಗೊಂಡು ಬಾ ಎಂದಷ್ಟೇ ಹೇಳಿ ಇಟ್ಟಳು.

ತನ್ನದೇ ಕಣ್ಣಿನ ಪುಸ್ತಕವನ್ನು ಅಕ್ಕ ನೋಡಿದ್ದು ಅದೇ ಮೊದಲು. ಭೂತಗನ್ನಡಿ ಹಿಡಿದು ಪುಟ ಪುಟವನ್ನೂ ತಿರುವಿದಳು. ಗುಬ್ಬಿಯ ದುಂಡಗಿನ ಅಕ್ಷರ, ಬೇಸರವಾದಾಗ ಅಂಚಿನಲ್ಲಿ ಬರೆದ ಗುಬ್ಬಚ್ಚಿಯ ಚಿತ್ರ, ಹಾಳೆಗೆ ಅಂಟಿಕೊಂಡು ಒಣಗಿದ ಒಂದು ಸೊಳ್ಳೆ. ಸೊಳ್ಳೆ ಕಂಡು ಅಕ್ಕ ಸ್ವಲ್ಪ ನಕ್ಕಳು. ಆ ಸಂಜೆಯ ಪುಟ ಬಂದಾಗ ಬೆರಳಿಟ್ಟು ತಡವಿದಳು. ರಬ್ಬರು ಉಜ್ಜಿದ ಕಡೆ ಕಾಗದ ತೆಳುವಾಗಿತ್ತು. ಅಳಿಸಿಹೋದದ್ದು ಲೆಕ್ಕಕ್ಕಿಲ್ಲ, ಆ ಹುಡುಗಿ ಹೇಳಿದ್ದು ನ್ಯಾಯವೇ ಎಂದಳು. ಗುಬ್ಬಿ ಒಂಬತ್ತು ಪಾಯಿಂಟ್ ಎಂಟರ ಮೇಲೆ ಒಂದೇ ಗೆರೆ ಎಳೆದು, ನಡೆದದ್ದನ್ನು ಪಕ್ಕದಲ್ಲಿ ಬರೆದು, ಇವತ್ತಿನ ತಾರೀಖು ಹಾಕಿ ಸಹಿ ಮಾಡಿದಳು.

ಆಮೇಲೆ ಅಕ್ಕ ಮಂಚದ ಕೆಳಗೆ ಕೈ ತೋರಿಸಿದಳು. ಇಬ್ಬರೂ ಕೊಳವೆಯನ್ನು ಮೆಟ್ಟಿಲಿನಲ್ಲಿ ನಿಂತು ನಿಂತು ಹೊತ್ತೊಯ್ದರು. ಆಳಂತೂ ಸಿಗಲಿಲ್ಲ, ಮೊಣಕಾಲೂ ನೆಟ್ಟಗಿರಲಿಲ್ಲ. ಪಡುವಣದಲ್ಲಿ ಬೆಳಕು ಆರಿ ಅರ್ಧ ಗಂಟೆಯಾಗಿತ್ತು. ಬೀದಿದೀಪಗಳು ಆಗಿನದಕ್ಕಿಂತ ಹತ್ತು ಪಟ್ಟು, ಆದರೂ ಅಕ್ಕನ ಕೈ ದಾರಿ ಮರೆತಿರಲಿಲ್ಲ. ದೊಡ್ಡ ನಕ್ಷತ್ರಗಳ ಜಾಡು ಹಿಡಿದು ಕೊಳವೆಯನ್ನು ತಿರುಗಿಸಿ ನಿಲ್ಲಿಸಿದಳು. ಗುಬ್ಬಿ ಹಳೆಯ ಅಭ್ಯಾಸದಂತೆ ಬೆನ್ನು ತಿರುಗಿಸಿ ಕೂತಳು.

ಬಹಳ ಹೊತ್ತು ನೋಡಿ, "ಅಜ್ಜಿ ಮಾತ್ರ ಇದ್ದಾಳೆ" ಎಂದಳು ಅಕ್ಕ. "ಅಳಿಯ ಕಾಣಲಿಲ್ಲ. ಬರಿ."

ಗುಬ್ಬಿ ಬರೆದಳು: ಕಾಣಲಿಲ್ಲ. ಬೇರೆ ಏನನ್ನೂ ಬರೆಯಲಿಲ್ಲ.

"ಈಗ ನೀನು ನೋಡು. ಪೆನ್ಸಿಲ್ ಇಲ್ಲಿ ಕೊಡು."

ಅಷ್ಟು ವರ್ಷ ಜೊತೆಗಿದ್ದೂ ಗುಬ್ಬಿ ಅಳತೆಗೆಂದು ಕಣ್ಣಿಟ್ಟವಳಲ್ಲ. ಮೊದಲು ಏನೂ ತಿಳಿಯಲಿಲ್ಲ. ಆಮೇಲೆ ಅಜ್ಜಿ ಸಿಕ್ಕಳು, ಅಜ್ಜಿಯ ಬಲಕ್ಕೆ ಸೋದರತ್ತೆ, ಕೆಳಗೆ ದೊಡ್ಡಪ್ಪ. ಅವರ ನಡುವೆ ಒಂದು ಮಂಕು ಚುಕ್ಕೆ. ಅತ್ತೆಗಿಂತ ಬಹಳ ಕಡಿಮೆ, ದೊಡ್ಡಪ್ಪನಿಗಿಂತ ಚೂರೇ ಚೂರು ಜಾಸ್ತಿ. ಮೂರು ಸಲ ಹೋಲಿಸಿ ನೋಡಿದಳು. ಮೂರು ಸಲವೂ ಅದೇ ಬಂತು. ಬೇರೆ ಯಾವುದೇ ಅಂಕಿಯನ್ನಾದರೂ ಸಲೀಸಾಗಿ ಹೇಳುತ್ತಿದ್ದಳು. ಒಂಬತ್ತು ಪಾಯಿಂಟ್ ಏಳು ಅಂದುಬಿಡೋಣ ಅಂತಲೂ ಒಂದು ಕ್ಷಣ ಅನ್ನಿಸಿತು.

"ಏನಾಯ್ತು? ಹೇಳು" ಎಂದಳು ಅಕ್ಕ.

"ಒಂಬತ್ತು ಪಾಯಿಂಟ್ ಎಂಟು" ಎಂದಳು ಗುಬ್ಬಿ. 

ಅಕ್ಕ ಕೆಂಪು ಟಾರ್ಚಿನ ಬೆಳಕಿನಲ್ಲಿ, ಭೂತಗನ್ನಡಿಯನ್ನು ಹಾಳೆಗೆ ಹತ್ತಿರ ಹಿಡಿದುಕೊಂಡು, ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಳು.