ಮಾವನ ಸ್ಟೀಲು, ಸೊಸೆಯ ಅಲ್ಯುಮಿನಿಯಂ

ಅಂದು ಬೆಳಗ್ಗೆ ಗಾಳಿ ಉಸಿರು ಬಿಗಿಹಿಡಿದು ಕೂತಂತಿತ್ತು. ಕಡಲ ಮೇಲೆ ಒಂದು ಸುಕ್ಕಿಲ್ಲ, ಬಿಸಿಲಿನ್ನೂ ಎಳೆಯದು. ಇಂಥ ದಿನ ಕೊಟ್ಟವನಿಗೆ ಮನಸ್ಸಿನಲ್ಲೇ ಕೈಮುಗಿದು ಸೊಸೆ ಅಂಗಡಿಯ ಬಾಗಿಲು ತೆಗೆದಳು. ಜನರನ್ನು ಕಡಲೊಳಗೆ ಕರೆದೊಯ್ದು ಮೀನು ತೋರಿಸುವುದು ಆ ಮನೆಯ ಕಸುಬು. ಇವತ್ತು ಅವಳಿಗೆ ಪರೀಕ್ಷೆ: ಅವಳು ಮುಂದೆ, ಮಾವ ಗಿರಾಕಿಯಂತೆ ಹಿಂದೆ. ಮಾವ ಒಪ್ಪಿದರೆ ನಾಳೆಯಿಂದ ದೋಣಿ ಅವಳ ಕೈಗೆ. ಇಲ್ಲವಾದರೆ ಇನ್ನೊಂದು ವರ್ಷ, ಮುಳುಗುವವರು ಬೆನ್ನಿಗೆ ಕಟ್ಟಿಕೊಳ್ಳುವ ಸಿಲಿಂಡರುಗಳಿಗೆ ಉಸಿರಾಟದ ಗಾಳಿ ತುಂಬುತ್ತ ಕೂರುವುದೇ.

ಮಾವನ ಸ್ಟೀಲ್ ಸಿಲಿಂಡರು ತಪಾಸಣೆಗೆ ಹೋಗಿತ್ತು. ಉಳಿದವೆಲ್ಲ ಅಲ್ಯುಮಿನಿಯಂ.

“ಇದೂ ಒಂದು ಡಬ್ಬಾನಾ!” ಮಾವ ಅದನ್ನು ಬೆರಳಿನಿಂದ ಟಣ್ಣೆನಿಸಿದರು. “ನನ್ನ ಸ್ಟೀಲು ಕೊನೇವರೆಗೂ ಬೆನ್ನ ಮೇಲೆ ಗಂಭೀರವಾಗಿ ಕೂತಿರುತ್ತೆ.”

“ಒಳಗೊಳಗೇ ತುಕ್ಕೂ ಹಿಡಿಯುತ್ತೆ. ತಳ ಗುಂಡಗೆ, ನಿಲ್ಲಿಸೋಕೆ ರಬ್ಬರ್ ಬೂಟು ಬೇಕು. ಇದು ನೋಡಿ, ತನ್ನ ಕಾಲ ಮೇಲೆ ತಾನೇ ನಿಂತಿದೆ.”

“ನಿನ್ನ ಬಾಯಿ ಮಾತ್ರ ಅಪ್ಪಟ ಸ್ಟೀಲು ಕಣಮ್ಮಾ!”

“ಆದ್ರೆ ಗಾಳಿ ಖಾಲಿಯಾಗ್ತಾ ಇದು ತೇಲುತ್ತೆ, ಮಾವ. ಭಾರಕ್ಕೆ ಸೊಂಟದ ಬೆಲ್ಟಿಗೆ ಇನ್ನೆರಡು ತುಂಡು ಸೀಸ ಸೇರಿಸ್ಕೊಳ್ಳಿ.”

“ನೀನು ಹುಟ್ಟೋಕೆ ಮುಂಚಿನಿಂದ ಮುಳುಗ್ತಿದೀನಿ. ನಂಗೇ ಸೀಸದ ಪಾಠನಾ?”

ಹಿರಿಯರ ಹತ್ತಿರ ಇನ್ನು ವಾದವೇಕೆಂದು ಅವಳು ಆ ಎರಡು ತುಂಡುಗಳನ್ನು ತನ್ನ ಜೇಬಿಗೇ ಹಾಕಿಕೊಂಡಳು.

ದೋಣಿಯಲ್ಲಿ ಹೋಗಿ ಇಬ್ಬರೂ ಮುಳುಗಿದರು. ಕೆಳಗೆ ಎಲ್ಲವೂ ಸುಸೂತ್ರ. ಹಿಂತಿರುಗುವಾಗ ಐದು ಮೀಟರ್ ಆಳದಲ್ಲಿ, ಲಂಗರಿನ ಹಗ್ಗದ ಪಕ್ಕ, ರಕ್ತದಲ್ಲಿ ಸೇರಿದ ಗಾಳಿ ಇಳಿಯಲೆಂದು ಸ್ವಲ್ಪ ಹೊತ್ತು ನಿಂತೇ ಮೇಲೇಳಬೇಕು. ಸೊಸೆ ನಿಂತಳು. ಮಾವ ನಿಲ್ಲಲಿಲ್ಲ! ಬೆನ್ನ ಮೇಲಿನ ಡಬ್ಬ ಮುಕ್ಕಾಲು ಖಾಲಿಯಾಗಿ ಹಗುರಾಗಿತ್ತು. ಮೊದಲು ಸೊಂಟ, ಆಮೇಲೆ ಕಾಲು, ಆಮೇಲೆ ಇಡೀ ಮೈಯೇ ಬಲೂನಿನಂತೆ ಮೇಲಕ್ಕೆ ಹೊರಟಿತು. ಕೈ ಬಡಿದರು, ಉಸಿರು ಬಿಟ್ಟರು. ನೀರು ಯಾರ ಹಿರಿತನವನ್ನೂ ಕೇಳಲಿಲ್ಲ.

ಸೊಸೆ ಚಂಗನೆ ಹೋಗಿ ಅವರ ಪಾದ ಹಿಡಿದಳು. ಮದುವೆಯಾದಂದಿನಿಂದ ಅಷ್ಟು ಗಟ್ಟಿಯಾಗಿ ಹಿಡಿದಿರಲಿಲ್ಲ. ಎಳೆದು ತಂದು ಹಗ್ಗ ಕೈಗೆ ಕೊಟ್ಟು, ದಡದಲ್ಲಿ ಬೇಡವೆನಿಸಿಕೊಂಡಿದ್ದ ಸೀಸದ ತುಂಡುಗಳನ್ನು ತನ್ನ ಜೇಬಿನಿಂದ ತೆಗೆದು ಅವರ ಜೇಬಿಗೆ ತುರುಕಿದಳು. ಮಾವ ಅಲ್ಲೇ ನೆಲೆನಿಂತರು. ಎಲ್ಲ ಗಿರಾಕಿಗಳಿಗೂ ತೋರಿಸುವಂತೆ ‘ಅವಸರ ಬೇಡ’ ಎಂದು ಅಂಗೈ ತೋರಿಸಿದಳು. ಮಾವ ವಿಧೇಯವಾಗಿ ತಲೆಯಾಡಿಸಿದರು.

“ಏನ್ ಯಜಮಾನ್ರೇ,” ಅವರು ಮೇಲೆ ಬಂದು ಹತ್ತಿದಾಗ ದೋಣಿಯವನು ಕಣ್ಣು ಮಿಟುಕಿಸಿದ. “ತಿಳಿನೀರಲ್ಲಿ ಎಲ್ಲಾ ಕಾಣುತ್ತೆ. ಸೊಸೆ ಕೈಲಿ ಗಾಳಿಪಟ ಆಗಿದ್ರಲ್ಲ!”

“ಹಾರಿದ್ದು ನಾನಲ್ಲಯ್ಯಾ, ಡಬ್ಬ!” ಮಾವ ಹೊಟ್ಟೆ ಹಿಡಿದು ನಕ್ಕರು. ನಗು ಇಳಿದ ಮೇಲೆ ಸೊಸೆಯ ಕಡೆ ತಿರುಗಿದರು. “ನಾಳೆ ಬರೋರನ್ನ ನೀನೇ ಕರ್ಕೊಂಡು ಹೋಗಮ್ಮ. ಗಾಳಿ ನಾನು ತುಂಬ್ತೀನಿ.”

ಆಮೇಲೆ ಜೇಬಿನ ಸೀಸದ ತುಂಡುಗಳನ್ನು ತೆಗೆದು, ಟವೆಲಿನಲ್ಲಿ ಒರೆಸಿ, ಅವಳ ಅಂಗೈಯಲ್ಲಿಟ್ಟರು.